ಅಪ್ಪನ ಕಾಲಿಗೆ ಚರ್ಮ ಕಸಿ ಮಾಡಬೇಕಂತೆ, ಅನುಭವ ಇರುವವರು ದಯವಿಟ್ಟು ಹೇಳಿ

ತೋಟದಮನೆ | ಡಿಸೆಂಬರ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ನವೆಂಬರ್ 20ರಂದು ಅಡಿಕೆ ಬೇಯಿಸುವಾಗ ಅಪ್ಪ ಹಂಡೆಯ ಪಕ್ಕ ಕಾಲು ಜಾರಿದರು. ಕುದಿಯುವ ಚೊಗರು, ಅಂದರೆ ಅಡಿಕೆ ಬೇಯಿಸುವ ನೀರು, ಎಡಗಾಲಿನ ಮೇಲೆ ಚೆಲ್ಲಿತು. ಮಂಡಿಯ ಹಿಂಭಾಗದಿಂದ ಪಾದದವರೆಗೂ ಬೆಂದಿದೆ. ಗಾಬರಿಯಲ್ಲಿ ಯಾರೋ ಟೂತ್‌ಪೇಸ್ಟ್ ಹಚ್ಚಿಬಿಟ್ಟರು.

ಈಗ 19 ದಿನ ಆಯಿತು. ಪಾದದ ಮೇಲಿನದು ಒಣಗಿ ಹೊಸ ಚರ್ಮ ಬಂದಿದೆ. ಆದರೆ ಮೊಣಕಾಲಿನ ಕೆಳಗೆ ಮತ್ತು ಮಂಡಿಯ ಹಿಂದೆ ಕೆಂಪಗೆ ಹಾಗೇ ಇದೆ. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಬೇಕು ಅಂತ ಡಾಕ್ಟರ್ ಹೇಳುತ್ತಿದ್ದಾರೆ. ಅಪ್ಪನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಅಮ್ಮ ಒಂದೇ ಸಮನೆ ಅಳುತ್ತಿದ್ದಾರೆ. ಒಂದು ಗಾಯ ಇರುವವರಿಗೆ ಇನ್ನೊಂದು ಗಾಯ ಯಾಕೆ ಮಾಡಬೇಕು? ಸುಮ್ನೆ ಡ್ರೆಸ್ಸಿಂಗ್ ಮಾಡಿಸುತ್ತಾ ಇದ್ದರೆ ಆಗುವುದಿಲ್ಲವಾ? ಬೇಕೇ ಬೇಕು ಅಂದರೆ ನನ್ನ ತೊಡೆಯಿಂದ ತೆಗೆಯಲಿ. ನನಗೆ 29, ಆರೋಗ್ಯವಾಗಿದ್ದೇನೆ.

ವಾರ್ಡ್‌ರೌಂಡ್ಸ್ | ಡಿಸೆಂಬರ್ 9, ರಾತ್ರಿ 11:15

ನಾನು ಪ್ಲಾಸ್ಟಿಕ್ ಸರ್ಜರಿ ಓದುತ್ತಿರುವ ಡಾಕ್ಟರ್. ನಿಮ್ಮ ತಂದೆಯವರ ಗಾಯ ನೋಡದೆ ಅದರ ಬಗ್ಗೆ ತೀರ್ಮಾನ ಹೇಳಲಾರೆ. ಆದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಇದೆ.

ಚರ್ಮಕ್ಕೆ ಎರಡು ಪದರ. ಮೇಲಿನದು ತೆಳು, ಕೆಳಗಿನದು ದಪ್ಪ. ಕೂದಲಿನ ಬುಡ, ಬೆವರಿನ ಗ್ರಂಥಿ ಎಲ್ಲ ಕೆಳಗಿನ ಪದರದ ಆಳದಲ್ಲಿ ಇರುತ್ತವೆ. ಸುಟ್ಟಾಗ ಈ ಬುಡಗಳು ಉಳಿದಿದ್ದರೆ ಅಲ್ಲಿಂದಲೇ ಹೊಸ ಚರ್ಮ ಚಿಗುರುತ್ತದೆ. ನಿಮ್ಮ ತಂದೆಯವರ ಪಾದದಲ್ಲಿ ಆಗಿರುವುದು ಅದೇ. ಬುಡವೇ ಬೆಂದುಹೋಗಿದ್ದರೆ ಗಾಯ ಅಂಚಿನಿಂದ ಮಾತ್ರ ತೆವಳಿಕೊಂಡು ಮುಚ್ಚಬೇಕು. ಮೂರು ವಾರಕ್ಕೂ ಮಾಯದ ಸುಟ್ಟಗಾಯ ದಪ್ಪ ಕಲೆಯಾಗಿ ಎಳೆದುಕೊಳ್ಳುತ್ತದೆ. ಮಂಡಿಯ ಹಿಂದೆ ಹಾಗೆ ಎಳೆದುಕೊಂಡರೆ ಕಾಲು ನೇರ ಮಾಡಲಿಕ್ಕೇ ಆಗುವುದಿಲ್ಲ. ಡ್ರೆಸ್ಸಿಂಗ್ ಮಾತ್ರ ಸಾಕು ಅಂತ ಕಾದವರು ಎಷ್ಟೋ ಜನ ಕಾಲು ಮಡಚಿಕೊಂಡೇ ನಮ್ಮ ಹತ್ತಿರ ಬರುತ್ತಾರೆ. ಆಗ ಆಪರೇಷನ್ ಇನ್ನೂ ದೊಡ್ಡದು.

ತೊಡೆಯ ಗಾಯದ ಬಗ್ಗೆ. ಅಲ್ಲಿಂದ ತೆಗೆಯುವುದು ಪೂರ್ತಿ ಚರ್ಮ ಅಲ್ಲ. ಸುಮಾರು 0.3 ಮಿಲಿಮೀಟರ್ ದಪ್ಪದ ಹಾಳೆ, ಅಂದರೆ ನೋಟ್‌ಬುಕ್‌ನ ಮೂರು ನಾಲ್ಕು ಹಾಳೆ ಒತ್ತಿ ಹಿಡಿದಷ್ಟು. ಕೂದಲಿನ ಬುಡಗಳು ತೊಡೆಯಲ್ಲೇ ಉಳಿಯುತ್ತವೆ, ಹಾಗಾಗಿ ಅದು ತಾನಾಗಿ ಎರಡು ವಾರದ ಆಸುಪಾಸಿನಲ್ಲಿ ಮಾಯುತ್ತದೆ. ಸಕ್ಕರೆ ಇದ್ದರೆ ಸ್ವಲ್ಪ ಜಾಸ್ತಿ ದಿನ ಹಿಡಿಯಬಹುದು. ಹಂಬಿ ನೈಫ್ ಅಂತ ಉದ್ದನೆಯ ಚಾಕು ಇದೆ, ಇಲ್ಲವೇ ಡರ್ಮಟೋಮ್ ಅನ್ನುವ ಯಂತ್ರ. ತೆಗೆದ ಹಾಳೆಯನ್ನು ಮೆಶರ್‌ನಲ್ಲಿ ಹಾಕಿದರೆ ಸಣ್ಣ ಸಣ್ಣ ಸೀಳು ಬಿದ್ದು ಬಲೆಯಂತೆ ಅಗಲವಾಗುತ್ತದೆ. ಕಡಿಮೆ ಚರ್ಮದಲ್ಲಿ ಹೆಚ್ಚು ಜಾಗ ಮುಚ್ಚಬಹುದು, ಕೆಳಗಿನ ನೀರು ರಕ್ತ ಆ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಆದರೆ ಬಲೆಯ ಗುರುತು ಕೊನೆವರೆಗೂ ಉಳಿಯುತ್ತದೆ. ಅದಕ್ಕೇ ಮುಖಕ್ಕೆ, ಕೈಗೆ ಆದಷ್ಟು ಬಲೆ ಮಾಡದೆ ಇಡೀ ಹಾಳೆ ಹಾಕುತ್ತೇವೆ.

ನಿಮ್ಮ ಚರ್ಮ ಕೊಡುವ ಮಾತು. ನಿಮ್ಮ ಮನಸ್ಸು ಅರ್ಥವಾಗುತ್ತದೆ. ಆದರೆ ಮಗನದಾದರೂ ಅದು ಉಳಿಯುವುದಿಲ್ಲ. 1943ರಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಇದನ್ನು ಸ್ಪಷ್ಟವಾಗಿ ತೋರಿಸಿದರು. ಗ್ಲಾಸ್ಗೋದಲ್ಲಿ ಸುಟ್ಟಗಾಯವಾಗಿದ್ದ ಒಬ್ಬ ಹೆಂಗಸಿಗೆ ಅವಳದೇ ಚರ್ಮದ ತುಂಡುಗಳನ್ನೂ ಅವಳ ಒಡಹುಟ್ಟಿದವನ ಚರ್ಮದ ತುಂಡುಗಳನ್ನೂ ಹಾಕಿದರು. ಅವಳದು ಅಂಟಿತು, ಅವನದು ನಾಶವಾಯಿತು. ಮತ್ತೊಮ್ಮೆ ಅವನದೇ ಹಾಕಿದಾಗ ಇನ್ನೂ ಬೇಗ ನಾಶವಾಯಿತು. ದೇಹ ಪರಕೀಯ ಚರ್ಮವನ್ನು ನೆನಪಿಟ್ಟುಕೊಳ್ಳುತ್ತದೆ ಅಂತ ಗೊತ್ತಾದದ್ದು ಹಾಗೆ. ಮೆಡಾವರ್‌ಗೆ ಮುಂದೆ 1960ರಲ್ಲಿ ನೊಬೆಲ್ ಬಂತು. ತದ್ರೂಪಿ ಅವಳಿಗಳನ್ನು ಬಿಟ್ಟರೆ ಶಾಶ್ವತವಾಗಿ ಉಳಿಯುವುದು ಅವರವರ ಚರ್ಮ ಮಾತ್ರ.

ಅಂಗೈಗೆರೆ | ಡಿಸೆಂಬರ್ 10, ಬೆಳಿಗ್ಗೆ 7:05

ತಮ್ಮಾ, ಹೆದರಬೇಡ. ನನಗೆ ಆರು ವರ್ಷದ ಹಿಂದೆ ಬಲಗೈಗೆ ಆಗಿದೆ. ಬಿಸಿ ತವಾ ಹಿಡಿದು ಅಂಗೈ ಬೆಂದು, ಎರಡು ಬೆರಳು ಒಳಗೆ ಮಡಚಿಕೊಂಡಿದ್ದವು. ನನ್ನದು ಪೂರ್ತಿ ದಪ್ಪದ ಕಸಿ, ಅಂದರೆ ಚರ್ಮದ ಎರಡೂ ಪದರ ಸೇರಿಸಿ ತೆಗೆಯುವುದು. ತೊಡೆಸಂದಿನಿಂದ ತೆಗೆದು ಅಲ್ಲಿ ಹೊಲಿಗೆ ಹಾಕಿದರು. ತೆಳು ಕಸಿ ಆಮೇಲೆ ಕುಗ್ಗುವುದು ಜಾಸ್ತಿ, ದಪ್ಪ ಕಸಿ ಕುಗ್ಗುವುದು ಕಡಿಮೆ, ಬೆರಳಿಗೆ ಅದೇ ಬೇಕು ಅಂದರು. ಇವತ್ತಿಗೂ ಅಂಗೈ ನಡುವೆ ಒಂದು ಕಂದು ತುಂಡು ಬೇರೆಯಾಗಿ ಕಾಣುತ್ತದೆ, ಸುತ್ತ ಬಿಳಿ, ನಡುವೆ ಕಪ್ಪು. ಆದರೆ ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತೇನೆ.

ತೊಡೆಯಿಂದ ತೆಳುವಾಗಿ ತೆಗೆದವರು ನಮ್ಮ ವಾರ್ಡಿನಲ್ಲಿ ನಾಲ್ಕು ಜನ ಇದ್ದರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು, ಕಸಿ ಹಾಕಿದ ಜಾಗಕ್ಕಿಂತ ತೊಡೆಯೇ ಜಾಸ್ತಿ ಉರಿ ಅಂತ. ಅಪ್ಪನಿಗೆ ಮೊದಲೇ ಹೇಳಿಟ್ಟಿರು. ಗೊತ್ತಿಲ್ಲದೆ ಉರಿ ಬಂದರೆ ಏನೋ ಕೆಟ್ಟಿದೆ ಅಂತ ಗಾಬರಿಯಾಗುತ್ತದೆ.

ಸಿಸ್ಟರ್_ಹಾಸನ | ಡಿಸೆಂಬರ್ 10, ಮಧ್ಯಾಹ್ನ 2:30

ಸುಟ್ಟಗಾಯದ ವಾರ್ಡಿನಲ್ಲಿ 14 ವರ್ಷದಿಂದ ಇದ್ದೇನೆ. ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಕಸಿ ಉಳಿಯುವುದು ಹೋಗುವುದು ತೀರ್ಮಾನ ಆಗುವುದು ಆಮೇಲಿನ ಐದು ದಿನದಲ್ಲಿ. ಇದನ್ನು ಮನೆಯವರಿಗೆ ಬಿಡಿಸಿ ಹೇಳುವವರು ಕಡಿಮೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ತೆಗೆದ ಚರ್ಮಕ್ಕೆ ರಕ್ತ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ಕೆಳಗಿನ ಗಾಯದ ನೀರನ್ನು ಹೀರಿಕೊಂಡು ಬದುಕುತ್ತದೆ. ಎರಡು ಮೂರನೇ ದಿನಕ್ಕೆ ಕೆಳಗಿನ ಸಣ್ಣ ರಕ್ತನಾಳ, ಮೇಲಿನ ಸಣ್ಣ ರಕ್ತನಾಳ ಬಾಯಿಗೆ ಬಾಯಿ ಕೂಡುತ್ತವೆ. ಐದಾರು ದಿನಕ್ಕೆ ರಕ್ತ ಸರಿಯಾಗಿ ಹರಿಯುತ್ತದೆ. ಆ ನಾಳಗಳು ಕೂದಲಿಗಿಂತ ತೆಳು. ಕಾಲು ಒಂದು ಸಲ ಎಳೆದುಕೊಂಡರೆ ಹರಿದುಹೋಗುತ್ತವೆ. ಕಸಿಯ ಕೆಳಗೆ ರಕ್ತ ಹೆಪ್ಪುಗಟ್ಟಿದರೂ ಅಷ್ಟೇ, ಕೀವಾದರೂ ಅಷ್ಟೇ. ಅದಕ್ಕೇ ದಪ್ಪ ಹತ್ತಿ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ಮಂಡಿ ಆದ್ದರಿಂದ ಅದು ಮಡಚದ ಹಾಗೆ ಪಿಒಪಿ ಸ್ಲ್ಯಾಬ್ (ಪ್ಲಾಸ್ಟರ್‌ನ ಗಟ್ಟಿ ಪಟ್ಟಿ) ಕೂಡ ಹಾಕಬಹುದು. ಕೆಲವು ಕಡೆ ವ್ಯಾಕ್ ಅಂತ ಗಾಳಿ ಎಳೆಯುವ ಡ್ರೆಸ್ಸಿಂಗ್ ಹಾಕುತ್ತಾರೆ.

ಕಾಲನ್ನು ದಿಂಬಿನ ಮೇಲೆ ಎತ್ತಿ ಇಡಬೇಕು. ಮಂಚದಿಂದ ಕೆಳಗೆ ಇಳಿಬಿಡಲೇಬಾರದು. ಒಂದು ಸಲ ಬಾತ್‌ರೂಮಿಗೆ ಹೋಗಿ ಬರುತ್ತೇನೆ ಅಂತ ರಾತ್ರಿ ಎದ್ದು ಹೋದ ಹಿರಿಯರೊಬ್ಬರ ಕಸಿ ಅರ್ಧ ಹೋದದ್ದನ್ನು ನೋಡಿದ್ದೇನೆ. ಪಾಪ, ಅವರಿಗೆ ಯಾರೂ ಕಾರಣ ಹೇಳಿರಲಿಲ್ಲ. ಬರೀ ಎದ್ದೇಳಬೇಡಿ ಅಂದಿದ್ದರು.

ಇನ್ನೊಂದು ಕೇಳುತ್ತೇನೆ. ತಂದೆಯವರು ಬೀಡಿ ಸೇದುತ್ತಾರಾ? ಕವಳಕ್ಕೆ (ಎಲೆ ಅಡಿಕೆಗೆ) ಹೊಗೆಸೊಪ್ಪು ಹಾಕುತ್ತಾರಾ? ಹಾಕುತ್ತಿದ್ದರೆ ಇವತ್ತಿನಿಂದಲೇ ಬಿಡಿಸಿ. ತಂಬಾಕು ಆ ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ.

ಊಟ. ನಂಜಾಗುತ್ತದೆ ಅಂತ ಬೇಳೆ, ಮೊಟ್ಟೆ, ಮಾಂಸ, ಬದನೆಕಾಯಿ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಯದಿಂದ ನೀರಿನ ಜೊತೆ ಪ್ರೋಟೀನ್ ಸೋರಿಹೋಗುತ್ತಾ ಇರುತ್ತದೆ. ಹೊಸ ಚರ್ಮ ಕಟ್ಟಲಿಕ್ಕೆ ಅದೇ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ.

ತೋಟದಮನೆ | ಡಿಸೆಂಬರ್ 10, ಸಂಜೆ 6:50

ಸಿಸ್ಟರ್, ನಮ್ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ದೊಡ್ಡಮ್ಮ ನಿನ್ನೆಯಿಂದ ತೊಗರಿಬೇಳೆಯನ್ನೂ ನಿಲ್ಲಿಸಿದ್ದಾರೆ. ಕವಳಕ್ಕೆ ಹೊಗೆಸೊಪ್ಪು ಹಾಕುವುದು ನಿಜ, ದಿನಕ್ಕೆ ಎಂಟು ಹತ್ತು ಸಲ.

ಸಿಸ್ಟರ್_ಹಾಸನ | ಡಿಸೆಂಬರ್ 10, ಸಂಜೆ 7:20

ಹೆಸರುಕಾಳು, ಕಡಲೆಕಾಳು, ಹಾಲು, ಮೊಸರು, ಪನೀರ್, ಶೇಂಗಾ. ಸೋಯಾ ಸಿಕ್ಕರೆ ಒಳ್ಳೆಯದು. ಸಕ್ಕರೆ ಇರುವುದರಿಂದ ಅನ್ನ ಕಡಿಮೆ ಮಾಡಿ ಕಾಳು ಜಾಸ್ತಿ ಮಾಡಿ. ದೊಡ್ಡಮ್ಮನಿಗೆ ನನ್ನ ಹೆಸರು ಹೇಳಿ, ಸಿಸ್ಟರ್ ಬೇಳೆ ಕೊಡಲೇಬೇಕು ಅಂದರು ಅಂತ. ಹೊಗೆಸೊಪ್ಪು ಮಾತ್ರ ಒಂದು ಎಸಳೂ ಬೇಡ.

ಟೂತ್‌ಪೇಸ್ಟ್ ಬಗ್ಗೆ ಮುಂದೆ ಓದುವವರಿಗಾಗಿ ಹೇಳುತ್ತೇನೆ. ಪೇಸ್ಟ್, ಶಾಯಿ, ದೋಸೆ ಹಿಟ್ಟು ಏನೂ ಹಚ್ಚಬೇಡಿ. ಬೆಂದ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ. ಆಮೇಲೆ ಶುಭ್ರವಾದ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ.

ಹಳೇಪುಟ | ಡಿಸೆಂಬರ್ 11, ಬೆಳಿಗ್ಗೆ 10:10

ಇದಕ್ಕೂ ನಮ್ಮ ಮೈಸೂರು ಯುದ್ಧಕ್ಕೂ ಒಂದು ನಂಟಿದೆ. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಅನ್ನುವವನು ಸೆರೆ ಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕತ್ತರಿಸಿದರು. ಮುಂದೆ ಪುಣೆಯ ಹತ್ತಿರ ಊರ ವೈದ್ಯನೊಬ್ಬ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದ. ಅದನ್ನು ಕಂಡ ಇಂಗ್ಲಿಷರ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್‌ನಲ್ಲಿ ಬಂತು. ಅದನ್ನು ಓದಿಯೇ ಅಲ್ಲಿನವರು ಕಲಿತದ್ದು. ಅಂದರೆ ಚರ್ಮ ಕಸಿ ನಮ್ಮಲ್ಲಿ ಹೊಸದೇನಲ್ಲ.

ವಾರ್ಡ್‌ರೌಂಡ್ಸ್ | ಡಿಸೆಂಬರ್ 11, ಮಧ್ಯಾಹ್ನ 1:00

ಸರ್, ಕಾವಸಜಿಯ ಕಥೆಯನ್ನು ನಮಗೆ ಮೊದಲ ವರ್ಷದಲ್ಲೇ ಹೇಳುತ್ತಾರೆ. ಆದರೆ ಅದು ಕಸಿ ಅಲ್ಲ, ಫ್ಲಾಪ್. ಹಣೆಯ ಚರ್ಮವನ್ನು ಪೂರ್ತಿ ಬಿಡಿಸಿ ತೆಗೆದಿರಲಿಲ್ಲ. ಹುಬ್ಬುಗಳ ನಡುವೆ ಒಂದು ತೊಟ್ಟು ಬಿಟ್ಟು ತಿರುಗಿಸಿದ್ದರು, ರಕ್ತ ಆ ತೊಟ್ಟಿನಿಂದ ಬರುತ್ತಿತ್ತು. ಪೂರ್ತಿ ಬಿಡಿಸಿ ತೆಗೆದ ಚರ್ಮದ ಚೂರುಗಳನ್ನು ಗಾಯದ ಮೇಲೆ ಇಟ್ಟು ಬೆಳೆಸಿ ತೋರಿಸಿದ್ದು ಪ್ಯಾರಿಸ್‌ನಲ್ಲಿ ರೆವರ್ಡಿನ್, 1869ರಲ್ಲಿ. ಈ ವ್ಯತ್ಯಾಸ ಇವತ್ತಿಗೂ ಮುಖ್ಯ. ಮೂಳೆಯ ಮೇಲಿನ ಪೊರೆ ಹೋಗಿ ಬರೀ ಮೂಳೆ ಕಾಣುತ್ತಿದ್ದರೆ ಅದರ ಮೇಲೆ ಕಸಿ ಅಂಟುವುದಿಲ್ಲ, ಅಲ್ಲಿ ಫ್ಲಾಪೇ ಬೇಕು.

ತೋಟದಮನೆ | ಡಿಸೆಂಬರ್ 11, ಮಧ್ಯಾಹ್ನ 3:40

ಡಾಕ್ಟರೇ, ಇದು ನನಗೆ ಈಗ ಚೆನ್ನಾಗಿ ಹೊಳೆಯಿತು. ಅಜ್ಜ ಮಾವಿಗೆ ಕಸಿ ಕಟ್ಟುತ್ತಿದ್ದರು. ಕುಂಡದ ಗಿಡವನ್ನು ಮರದ ಹತ್ತಿರ ಎತ್ತರಕ್ಕೆ ಕಟ್ಟಿ, ಕೊಂಬೆ ಮರದಲ್ಲಿ ಇರುವಾಗಲೇ ಗಿಡಕ್ಕೆ ಸೇರಿಸಿ ಬಿಗಿಯುತ್ತಿದ್ದರು. ಕೂಡಿಕೊಂಡ ಮೇಲೆ ಮರದ ಕಡೆಯಿಂದ ಕತ್ತರಿಸುವುದು. ಅದು ನಿಮ್ಮ ಫ್ಲಾಪ್. ಈಗ ನಾವು ಕಡ್ಡಿ ಕತ್ತರಿಸಿ ತಂದು ಕಟ್ಟುತ್ತೇವೆ, ಅದು ಅಪ್ಪನಿಗೆ ಮಾಡುವ ಕಸಿ. ಎರಡರಲ್ಲೂ ಕಟ್ಟು ಅಲ್ಲಾಡಿದರೆ ಕಸಿ ಒಣಗುತ್ತದೆ ಅಂತ ಅಜ್ಜ ಹತ್ತಿರವೂ ಬಿಡುತ್ತಿರಲಿಲ್ಲ. ಅಪ್ಪನಿಗೆ ಇದನ್ನೇ ಹೇಳಿದೆ. ಸುಮ್ಮನೆ ತಲೆಯಾಡಿಸಿ ಒಪ್ಪಿಕೊಂಡರು. ಸಕ್ಕರೆ ಹತೋಟಿಗೆ ಬಂದರೆ 14ಕ್ಕೆ ಆಪರೇಷನ್.

ದಾಸವಾಳ | ಡಿಸೆಂಬರ್ 11, ರಾತ್ರಿ 8:15

ಆ ಕೊಡುವ ಮಾತು ಬಂತಲ್ವಾ, ಅದಕ್ಕೆ ಬರೆಯುತ್ತಿದ್ದೇನೆ. ಬದುಕಿರುವಾಗ ಮಗ ಅಪ್ಪನಿಗೆ ಕೊಟ್ಟರೆ ಉಳಿಯುವುದಿಲ್ಲ, ಸರಿ. ಆದರೆ ಸತ್ತ ಮೇಲೆ ಯಾರು ಬೇಕಾದರೂ ಕೊಡಬಹುದು. ಮೈಯೆಲ್ಲ ಸುಟ್ಟವರಿಗೆ ತೆಗೆಯಲು ಅವರದೇ ಚರ್ಮ ಸಾಲುವುದಿಲ್ಲ. ದಾನದ ಚರ್ಮ ಎರಡು ಮೂರು ವಾರ ಮೇಲೆ ಕೂತು ಸೋಂಕು ತಡೆಯುತ್ತದೆ, ನೀರು ಸೋರುವುದನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಅವರ ಚರ್ಮ ತಯಾರಾಗುತ್ತದೆ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ. ನಮ್ಮ ದೊಡ್ಡಪ್ಪ ತೀರಿಕೊಂಡಾಗ ನಾವು ಕೊಟ್ಟೆವು. ಆರು ಗಂಟೆಯ ಒಳಗೆ ತಿಳಿಸಬೇಕು. ತಂಡ ಮನೆಗೇ ಬಂತು. ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಪದರ ತೆಗೆದು ಬ್ಯಾಂಡೇಜ್ ಸುತ್ತಿ ಕೊಟ್ಟರು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ರಕ್ತ ಸುರಿಯಲಿಲ್ಲ, ಮುಖ ಹಾಗೇ ಇತ್ತು, ಪಂಚೆ ಉಡಿಸಿ ಎಲ್ಲ ಕಾರ್ಯ ಮಾಡಿದೆವು. ರಕ್ತದ ಗುಂಪು ಹೊಂದಬೇಕಿಲ್ಲ. ಸಕ್ಕರೆ, ಬಿಪಿ ಇದ್ದವರದೂ ಆಗುತ್ತದೆ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ, ಚರ್ಮದ ಕ್ಯಾನ್ಸರ್ ಇದ್ದರೆ ತೆಗೆದುಕೊಳ್ಳುವುದಿಲ್ಲ. ಗ್ಲಿಸರಾಲ್‌ನಲ್ಲಿ 4 ಡಿಗ್ರಿ ತಂಪಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಕಣ್ಣಿನ ದಾನ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ.

ತೋಟದಮನೆ | ಡಿಸೆಂಬರ್ 19, ಮಧ್ಯಾಹ್ನ 12:20

14ಕ್ಕೆ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು. ಐದು ರಾತ್ರಿ ನಾನು ಮತ್ತು ಅಮ್ಮ ಸರದಿಯಲ್ಲಿ ಪಕ್ಕದಲ್ಲಿ ಕೂತಿದ್ದೆವು. ಅಪ್ಪ ಬೆರಳೂ ಅಲ್ಲಾಡಿಸಲಿಲ್ಲ. ಹೊಗೆಸೊಪ್ಪು ಕೇಳಲಿಲ್ಲ.

ಇವತ್ತು ಕಟ್ಟು ಬಿಚ್ಚಿದರು. ಸಲೈನ್ ಸುರಿದು ಸುರಿದು ಒಂದೊಂದೇ ಪದರ ನೆನೆಸಿ ತೆಗೆದರು, ಹತ್ತು ನಿಮಿಷ ಆಗಿರಬೇಕು, ನನಗೆ ಒಂದು ಗಂಟೆ ಆದ ಹಾಗಿತ್ತು. ಕೊನೆಯ ಬಟ್ಟೆ ಎತ್ತಿದಾಗ ತಿಳಿ ಗುಲಾಬಿ ಬಣ್ಣ. ಮೀನಿನ ಬಲೆ ಹರಡಿದ ಹಾಗೆ ಗೆರೆಗೆರೆ. ಡಾಕ್ಟರ್ ಬೆರಳಿನಿಂದ ಒತ್ತಿದರು, ಬೆಳ್ಳಗಾಯಿತು, ಬಿಟ್ಟ ಕೂಡಲೇ ಮತ್ತೆ ಗುಲಾಬಿ. ರಕ್ತ ಬಂದಿದೆ ನೋಡಿ ಅಂದರು. ಅಮ್ಮ ಬಾಗಿಲ ಹತ್ತಿರ ನಿಂತಲ್ಲೇ ಕೈ ಮುಗಿದರು.

ಮಂಡಿಯ ಅಂಚಿನಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗ ಮಾತ್ರ ಅಂಟಿಲ್ಲ, ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಆಗ ಸಿಸ್ಟರ್ ಫ್ರಿಜ್‌ನಿಂದ ಅಪ್ಪನ ಹೆಸರು ಬರೆದ ಸಣ್ಣ ಡಬ್ಬಿ ತಂದರು. ಆಪರೇಷನ್ ದಿನ ಉಳಿದಿದ್ದ ಚರ್ಮವನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರಂತೆ! ಅದರ ಒಂದು ತುಂಡನ್ನು ಅಲ್ಲೇ ಮಂಚದ ಮೇಲೆಯೇ ಆ ಜಾಗಕ್ಕೆ ಹಾಸಿ ಕಟ್ಟಿದರು. ಅರಿವಳಿಕೆಯೂ ಬೇಕಾಗಲಿಲ್ಲ.

ಸಿಸ್ಟರ್_ಹಾಸನ | ಡಿಸೆಂಬರ್ 19, ಮಧ್ಯಾಹ್ನ 2:00

ಓದಿ ಕಣ್ಣು ತುಂಬಿತು. ತೊಡೆಯ ಡ್ರೆಸ್ಸಿಂಗ್ ಒಣಗಿ ಗಟ್ಟಿಯಾಗಿ ಅಂಟಿರುತ್ತದೆ, ಅದನ್ನು ಯಾರೂ ಎಳೆಯಬೇಡಿ. ಕೆಳಗೆ ಮಾಯುತ್ತಾ ಬಂದ ಹಾಗೆ ಅಂಚು ತಾನಾಗಿ ಏಳುತ್ತದೆ. ಎದ್ದಷ್ಟನ್ನು ಕತ್ತರಿಯಲ್ಲಿ ಕತ್ತರಿಸುತ್ತಾ ಬಂದರೆ ಸಾಕು. ವಾಸನೆ, ಹಸಿರು ನೀರು, ಜ್ವರ ಬಂದರೆ ಕಾಯದೆ ತೋರಿಸಿ. ನಡೆಯಲು ಹೇಳಿದಾಗ ಕಾಲ್ಬೆರಳಿನ ಬುಡದಿಂದ ಮಂಡಿಯ ಮೇಲಿನವರೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಯೇ ಇಳಿಸಿ.

ಪುಟ್ಟಿಯಮ್ಮ | ಡಿಸೆಂಬರ್ 21, ರಾತ್ರಿ 10:30

ನಿಮ್ಮ ತಂದೆಯವರದು ಚೆನ್ನಾಗಿ ಅಂಟಿದ್ದು ಓದಿ ಸಂತೋಷ. ಆದರೆ ಇಲ್ಲಿಗೆ ಮುಗಿಯಿತು ಅಂತ ಅಂದುಕೊಳ್ಳಬೇಡಿ, ನಾನು ಹಾಗೆ ಅಂದುಕೊಂಡಿದ್ದೆ.

ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಸಾಂಬಾರ್ ಪಾತ್ರೆ ಎಳೆದುಕೊಂಡಳು. ಕುತ್ತಿಗೆ, ಎದೆ ಬೆಂದವು. ಒಂದು ಆಸ್ಪತ್ರೆಯಲ್ಲಿ ಕಸಿ ಮಾಡಿದರು, ಚೆನ್ನಾಗಿಯೇ ಅಂಟಿತು. ಗಾಯ ಒಣಗಿದೆ ಅಂತ ಮನೆಗೆ ಕಳಿಸಿದರು. ಕುತ್ತಿಗೆಗೆ ಕಾಲರ್ ಹಾಕಬೇಕು, ಬಿಗಿ ಬಟ್ಟೆ ಹಾಕಬೇಕು, ತಲೆದಿಂಬು ಕೊಡಬಾರದು ಅಂತ ಒಬ್ಬರೂ ಹೇಳಲಿಲ್ಲ. ಮಗು ದಿಂಬಿನ ಮೇಲೆ ಗಲ್ಲ ಎದೆಗಿಟ್ಟು ಮಲಗಿದರೆ ಹಾಯಾಗಿದೆ ಅಂತ ನಾವೂ ಬಿಟ್ಟೆವು. ಎಂಟು ತಿಂಗಳಲ್ಲಿ ಗಲ್ಲ ಎದೆಯ ಕಡೆಗೆ ಎಳೆದುಕೊಂಡು, ಕೆಳತುಟಿ ಮುಚ್ಚಲು ಆಗದ ಹಾಗೆ ಆಯಿತು. ಏಳನೇ ವರ್ಷಕ್ಕೆ ಇನ್ನೊಂದು ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿ ಮತ್ತೆ ಕಸಿ ಹಾಕಿದರು. ಕಲೆಯ ಚರ್ಮ ಮಗುವಿನ ಜೊತೆ ಬೆಳೆಯುವುದಿಲ್ಲ, ಮುಂದೆಯೂ ಬೇಕಾಗಬಹುದು ಅಂದಿದ್ದಾರೆ. ಒಂದು ಮಾತು ಆವತ್ತೇ ಹೇಳಿದ್ದರೆ ಅಂತ ಈಗಲೂ ಸಂಕಟವಾಗುತ್ತದೆ.

ಕೀಲುಚಲನೆ | ಡಿಸೆಂಬರ್ 22, ಬೆಳಿಗ್ಗೆ 8:45

ಅಕ್ಕಾ, ನಿಮ್ಮ ತಪ್ಪು ಏನೂ ಇಲ್ಲ. ನಾನು ಫಿಸಿಯೋಥೆರಪಿಸ್ಟ್. ರೋಗಿಗೆ ಯಾವ ಭಂಗಿ ಹಾಯಾಗಿರುತ್ತದೋ ಕಲೆ ಅದೇ ಭಂಗಿಯಲ್ಲಿ ಬಿಗಿಯುತ್ತದೆ. ಮಂಡಿ ಮಡಚಿದರೆ ಹಾಯಿ, ಆದ್ದರಿಂದ ಮಂಡಿ ನೇರ ಇರಬೇಕು.

ತೋಟದಮನೆಯವರೇ, ನಿಮ್ಮ ಅಪ್ಪನಿಗೆ ಮಂಡಿಯ ಕೆಳಗೆ ದಿಂಬು ಇಡಬೇಡಿ, ಹಿಮ್ಮಡಿಯ ಕೆಳಗೆ ಇಡಿ. ರಾತ್ರಿ ಸ್ಪ್ಲಿಂಟ್ ಹಾಕಿ ನೇರ ಇಡಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಡಾಕ್ಟರ್ ಒಪ್ಪಿದರೆ ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಬಟ್ಟೆಗೆ ಅಳತೆ ಕೊಡಿ. ದಿನಕ್ಕೆ 23 ಗಂಟೆ ಹಾಕಬೇಕು, ಸ್ನಾನಕ್ಕೆ ಮತ್ತು ಎಣ್ಣೆಗೆ ಮಾತ್ರ ತೆಗೆಯುವುದು. ವರ್ಷದ ಹತ್ತಿರ ಬೇಕಾಗುತ್ತದೆ. ಎಲಾಸ್ಟಿಕ್ ಸಡಿಲವಾದರೆ ಹೊಸದು ಹೊಲಿಸಿ, ಸಡಿಲ ಗಾರ್ಮೆಂಟ್‌ನಿಂದ ಉಪಯೋಗ ಇಲ್ಲ.

ತೋಟದಮನೆ | ಮಾರ್ಚ್ 8, ರಾತ್ರಿ 9:10

ತೊಡೆ 18ನೇ ದಿನಕ್ಕೆ ಪೂರ್ತಿ ಮಾಯಿತು. ಈಗ ಅಲ್ಲಿ ಬರೀ ಬಣ್ಣ ವ್ಯತ್ಯಾಸ ಇದೆ. ಕಾಲಿಗೆ ಗಾರ್ಮೆಂಟ್ ಹಾಕುತ್ತಿದ್ದಾರೆ. ತೊಂದರೆ ಅಂದರೆ ತುರಿಕೆ. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾರೆ.

ಅಂಗೈಗೆರೆ | ಮಾರ್ಚ್ 8, ರಾತ್ರಿ 9:45

ತುರಿಸಿದರೆ ನೀರುಗುಳ್ಳೆ ಏಳುತ್ತದೆ, ಉಗುರು ಕತ್ತರಿಸಿಬಿಡು. ಕಸಿಯ ಚರ್ಮದಲ್ಲಿ ಎಣ್ಣೆಯ ಗ್ರಂಥಿ ಕೆಲಸ ಮಾಡುವುದಿಲ್ಲ, ಅದಕ್ಕೇ ಒಣಗಿ ತುರಿಕೆ. ತೆಂಗಿನೆಣ್ಣೆ ದಿನಕ್ಕೆ ಮೂರು ನಾಲ್ಕು ಸಲ. ಸುಮ್ನೆ ಸವರುವುದಲ್ಲ, ಹೆಬ್ಬೆರಳಿನಿಂದ ಬಿಳಿಚಿಕೊಳ್ಳುವಷ್ಟು ಒತ್ತಿ ಸುತ್ತ ಸುತ್ತ ತಿಕ್ಕಬೇಕು. ಗಾರ್ಮೆಂಟ್ ಹಾಕುವ ಮೊದಲು ಎಣ್ಣೆ ಒರೆಸು. ಮಾತ್ರೆಯೂ ಇದೆ, ಡಾಕ್ಟರ್ ಹತ್ತಿರ ಕೇಳು. ಬಿಸಿಲಿಗೆ ಬಿಡಬೇಡ, ಹೊಸ ಚರ್ಮ ಬೇಗ ಕಪ್ಪಾಗುತ್ತದೆ.

ಇನ್ನೊಂದು ಎಚ್ಚರಿಕೆ. ಅಲ್ಲಿ ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗುವುದಿಲ್ಲ. ಸ್ಪರ್ಶ ಬರಲು ತಿಂಗಳುಗಟ್ಟಲೆ ಬೇಕು, ಬಂದರೂ ಮೊದಲಿನಷ್ಟು ಬರುವುದಿಲ್ಲ. ಸ್ನಾನದ ನೀರನ್ನು ಯಾವಾಗಲೂ ಕೈಯಲ್ಲಿ ಮುಟ್ಟಿ ನೋಡಿಯೇ ಕಾಲಿಗೆ ಹಾಕಲಿ. ಬಚ್ಚಲ ಒಲೆಯ ಹತ್ತಿರ ಕೂರುವುದು ಬೇಡ.

ಹೊಸಬೆಳಕು | ನವೆಂಬರ್ 26, ಸಂಜೆ 5:55

ಎಲ್ಲವನ್ನೂ ಈಗ ಓದಿದೆ. ನಮ್ಮ ಅತ್ತೆಗೆ ಸೀರೆಯ ಸೆರಗಿಗೆ ಬೆಂಕಿ ತಗುಲಿ ತೊಡೆ ಮತ್ತು ಕಾಲು ಸುಟ್ಟಿದೆ, ನಾಳೆ ಕಸಿ ಆಪರೇಷನ್. ಆಸ್ಪತ್ರೆಗೆ ಏನೇನು ಒಯ್ಯಲಿ? ತೋಟದಮನೆ ಅಣ್ಣ, ನಿಮ್ಮ ತಂದೆಯವರು ಹೇಗಿದ್ದಾರೆ?

ತೋಟದಮನೆ | ನವೆಂಬರ್ 26, ಸಂಜೆ 6:20

ಅಪ್ಪ ಚೆನ್ನಾಗಿದ್ದಾರೆ. ಮಂಡಿ ಪೂರ್ತಿ ನೇರ ಆಗುತ್ತದೆ, ಕುಕ್ಕರಗಾಲಲ್ಲಿ ಕೂರಲು ಮಾತ್ರ ಸ್ವಲ್ಪ ಕಷ್ಟ. ಈ ಸಲ ಅಡಿಕೆ ಬೇಯಿಸುವಾಗ ಹಂಡೆಯ ಹತ್ತಿರ ನಾನೇ ನಿಂತೆ, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು. ಅವರು ಜಗಲಿಯಲ್ಲಿ ಕೂತು ಬೆಂದದ್ದು ಸಾಕಾ ನೋಡು ಅಂತ ಕೂಗಿ ಹೇಳುತ್ತಿದ್ದರು. ಹೊಗೆಸೊಪ್ಪು ಮತ್ತೆ ಮುಟ್ಟಿಲ್ಲ.

ನೀವು ಎರಡು ಮೆತ್ತನೆಯ ದಿಂಬು ಒಯ್ಯಿರಿ, ಸಡಿಲವಾದ ಹತ್ತಿಯ ನೈಟಿ ಮೂರು ನಾಲ್ಕು. ಬೆಡ್‌ಪ್ಯಾನ್ ಅಲ್ಲಿ ಸಿಗುತ್ತದಾ ಅಂತ ಇವತ್ತೇ ಕೇಳಿಕೊಳ್ಳಿ, ಐದು ದಿನ ಅವರನ್ನು ಮಂಚದಿಂದ ಇಳಿಸಬಾರದು. ಹುರಿದ ಶೇಂಗಾ, ನೆನೆಸಿದ ಹೆಸರುಕಾಳು ಡಬ್ಬಿಯಲ್ಲಿ ಇರಲಿ. ರಾತ್ರಿ ಪಕ್ಕದಲ್ಲಿ ಒಬ್ಬರು ಎಚ್ಚರ ಇರಬೇಕು, ಆದ್ದರಿಂದ ಇಬ್ಬರು ಸರದಿ ಮಾಡಿಕೊಳ್ಳಿ. ತೊಡೆ ಉರಿಯುತ್ತದೆ ಅಂತ ಅತ್ತೆಗೆ ಈಗಲೇ ಹೇಳಿ. ತೊಡೆಯೇ ಸುಟ್ಟಿರುವುದರಿಂದ ಚರ್ಮ ಎಲ್ಲಿಂದ ತೆಗೆಯುತ್ತಾರೆ ಅಂತಲೂ ಕೇಳಿ, ಇನ್ನೊಂದು ಕಾಲಿನಿಂದ ಇರಬಹುದು, ಆ ಕಡೆ ಮಲಗಿಸಬಾರದು.

ನಾಳೆ ಆಪರೇಷನ್ ಮುಗಿದ ಮೇಲೆ ಇಲ್ಲಿ ಬರೆಯಿರಿ. ಸಿಸ್ಟರ್‌ಗೂ ಹೇಳಿದ್ದೇನೆ, ಅವರೂ ನೋಡುತ್ತಿರುತ್ತಾರೆ.